ವಿದ್ಯಾರ್ಥಿಯ ದೂರಿಗೂ ಒಂದು ಆವಕ ಸಂಖ್ಯೆ ಬೇಕು

ಮಾನ್ಯ ಸಂಪಾದಕರಿಗೆ,

ಪದವಿ ಮತ್ತು ಸ್ನಾತಕೋತ್ತರ ಕೋರ್ಸುಗಳಿಗೆ ಪ್ರವೇಶ ನಡೆಯುವ ದಿನಗಳಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ತಾಳಿಕೋಟೆ ಕಡೆಯ ಪಾಲಕರು ಮಕ್ಕಳನ್ನು ಕರೆದುಕೊಂಡು ಬಂದು ವಿಜಯಪುರದ ಕಾಲೇಜು ಕಚೇರಿಗಳ ಮುಂದೆ ಸಾಲು ಹಚ್ಚಿ ನಿಂತಿರುತ್ತಾರೆ. ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಜೊತೆಗೆ ಅವರು ಸಹಿ ಹಾಕಿಕೊಡುವ ಕಾಗದಗಳಲ್ಲಿ ರ್‍ಯಾಗಿಂಗ್ ಮಾಡುವುದಿಲ್ಲವೆಂಬ ಮುಚ್ಚಳಿಕೆಯೂ ಒಂದು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2009ರಲ್ಲಿ ಹೊರಡಿಸಿದ ನಿಯಮಾವಳಿಯಂತೆ ಇದನ್ನು ಪ್ರತಿ ವರ್ಷ ವಿದ್ಯಾರ್ಥಿಯೂ ಪಾಲಕರೂ ಬೇರೆಬೇರೆಯಾಗಿ ಕೊಡಬೇಕು. ತಪ್ಪು ಮಾಡುವುದಿಲ್ಲವೆಂದು ಇಷ್ಟು ಕಟ್ಟುನಿಟ್ಟಾಗಿ ಬರೆಸಿಕೊಳ್ಳುವ ಸಂಸ್ಥೆಗಳು, ತಪ್ಪು ನಡೆದಾಗ ಯಾರ ಬಳಿ ಹೋಗಬೇಕು, ದೂರು ಕೊಟ್ಟವರ ಕೈಗೆ ಏನು ಸಿಗಬೇಕು, ಎಷ್ಟು ದಿನಗಳಲ್ಲಿ ಉತ್ತರ ಬರಬೇಕು ಎಂಬುದನ್ನು ಅದೇ ಕೌಂಟರಿನಲ್ಲಿ ಬರೆದುಕೊಡುವುದು ಮಾತ್ರ ಅಪರೂಪ. ಈ ಪತ್ರ ಆ ಕುರಿತು.

ನಾನು ಈ ಭಾಗದ ಒಂದು ಅನುದಾನಿತ ಕಾಲೇಜಿನಲ್ಲಿ ಕಚೇರಿ ಅಧೀಕ್ಷಕನಾಗಿದ್ದು ನಿವೃತ್ತನಾದವನು. ಪಾಠ ಹೇಳಿದವನಲ್ಲ, ಟಪಾಲು ನೋಡಿದವನು. ಕಚೇರಿಗೆ ಬಂದ ಪ್ರತಿಯೊಂದು ಕಾಗದವೂ ಆವಕ ವಹಿಯಲ್ಲಿ ದಾಖಲಾಗಿ, ಶಿಕ್ಕಾ ಬಿದ್ದು, ದಿನಾಂಕ ಮತ್ತು ಸಂಖ್ಯೆ ಪಡೆದು ಸಂಬಂಧಪಟ್ಟವರ ಟೇಬಲ್ಲಿಗೆ ಹೋಗುವುದು ಕಚೇರಿಯ ಪದ್ಧತಿ. ಇಲಾಖೆಯ ಸುತ್ತೋಲೆ, ಶುಲ್ಕ ವಾಪಸಾತಿಯ ಅರ್ಜಿ, ಬೇರೆ ಕಾಲೇಜಿನ ಕ್ರೀಡಾಕೂಟದ ಉದ್ಘಾಟನೆಯ ಆಮಂತ್ರಣ, ಇವೆಲ್ಲಕ್ಕೂ ಸಂಖ್ಯೆ ಬೀಳುತ್ತಿತ್ತು. ವಿದ್ಯಾರ್ಥಿಯೊಬ್ಬ ಇನ್ನೊಬ್ಬನ ಮೇಲೆ, ಅಥವಾ ವಿದ್ಯಾರ್ಥಿನಿಯೊಬ್ಬಳು ಅಧ್ಯಾಪಕರ ಮೇಲೆ ಬರೆದ ದೂರಿಗೆ ಮಾತ್ರ ಸಂಖ್ಯೆ ಇರುತ್ತಿರಲಿಲ್ಲ. ಏಕೆಂದರೆ ಅದು ಕೌಂಟರಿಗೆ ಬರುತ್ತಲೇ ಇರಲಿಲ್ಲ. ನೇರವಾಗಿ ವಿಭಾಗದ ಮುಖ್ಯಸ್ಥರ ಇಲ್ಲವೇ ಪ್ರಾಚಾರ್ಯರ ಕೈಗೆ ಹೋಗುತ್ತಿತ್ತು. ಅವರು ಓದಿ, ಎರಡು ಮಡಿಕೆ ಮಾಡಿ, ಟೇಬಲ್ಲಿನ ಗಾಜಿನ ಕೆಳಗೆ ತಳ್ಳಿ, ‘ನೋಡೂಣು, ನೀ ಕ್ಲಾಸಿಗೆ ನಡಿ’ ಎನ್ನುತ್ತಿದ್ದರು. ಹೀಗೆನ್ನುವವರೆಲ್ಲ ಕೆಟ್ಟವರೇನೂ ಆಗಿರಲಿಲ್ಲ. ಕೆಲವರು ನಿಜವಾಗಿಯೂ ನೋಡುತ್ತಿದ್ದರು, ಕರೆದು ಗದರಿಸುತ್ತಿದ್ದರು, ಅಲ್ಲಿಗೆ ಪ್ರಕರಣ ಮುಗಿಯುತ್ತಿತ್ತು. ಮುಗಿಯದಿದ್ದಾಗ, ಆರು ತಿಂಗಳ ಮೇಲೆ ಅದೇ ತಪ್ಪು ಇನ್ನೊಬ್ಬರ ಮೇಲೆ ನಡೆದಾಗ, ಹಿಂದೆ ಒಂದು ದೂರು ಬಂದಿತ್ತು ಎನ್ನುವುದಕ್ಕೆ ಕಚೇರಿಯಲ್ಲಿ ಯಾವ ಪುರಾವೆಯೂ ಉಳಿದಿರುತ್ತಿರಲಿಲ್ಲ.

ಸಂಖ್ಯೆಯ ವಿಷಯವನ್ನು ಗುಮಾಸ್ತನ ಗೀಳು ಎಂದು ಯಾರಾದರೂ ತಳ್ಳಿಹಾಕಬಹುದು. ಆದರೆ ಈ ವಿಚಾರದಲ್ಲಿ ಕಾನೂನು ಮತ್ತು ನಿಯಮಗಳು ವಿಧಿಸಿರುವ ಗಡುವುಗಳ ಎಣಿಕೆ ದೂರು ತಲುಪಿದ ದಿನದಿಂದ ಶುರುವಾಗುತ್ತದೆ ಎಂಬುದನ್ನು ಗಮನಿಸಬೇಕು. ರ್‍ಯಾಗಿಂಗ್ ಕುರಿತು ಮಾಹಿತಿ ಬಂದರೆ, ಅದು ದಂಡನಾರ್ಹ ಅಪರಾಧವೆಂದು ಕಂಡಲ್ಲಿ, ಸಂಸ್ಥೆಯ ಮುಖ್ಯಸ್ಥರು 24 ಗಂಟೆಗಳೊಳಗೆ ಪೊಲೀಸರಲ್ಲಿ ಎಫ್‌ಐಆರ್ ದಾಖಲಿಸಬೇಕೆಂದು 2009ರ ನಿಯಮಾವಳಿ ಹೇಳುತ್ತದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆ ಕಾಯ್ದೆ 2013ರಲ್ಲಿ ಬಂತು, ಅದನ್ನು ಕಾಲೇಜು ಮತ್ತು ವಿಶ್ವವಿದ್ಯಾಲಯಗಳಿಗೆ ಹೊಂದಿಸಿ ಯುಜಿಸಿ 2015ರ ನಿಯಮಾವಳಿ ರೂಪಿಸಿತು. ಅದರಂತೆ ಆಂತರಿಕ ದೂರು ಸಮಿತಿಯು ದೂರಿನ ಪ್ರತಿಯನ್ನು ಏಳು ದಿನಗಳಲ್ಲಿ ಆರೋಪ ಹೊತ್ತವರಿಗೆ ಕಳಿಸಬೇಕು, ಅವರು ಹತ್ತು ದಿನಗಳಲ್ಲಿ ಉತ್ತರ ಕೊಡಬೇಕು, ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಫಲಿತಾಂಶದ ವಿಳಂಬ, ಮೌಲ್ಯಮಾಪನದ ಅನ್ಯಾಯ, ಮೂಲ ದಾಖಲೆ ಕೊಡದೆ ಸತಾಯಿಸುವುದು ಮುಂತಾದ ದೂರುಗಳಿಗೆ 2023ರ ಏಪ್ರಿಲ್‌ನಲ್ಲಿ ಬಂದ ನಿಯಮಾವಳಿಯಡಿ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿಯು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು, ಅದು ಒಪ್ಪಿಗೆಯಾಗದಿದ್ದರೆ ವಿದ್ಯಾರ್ಥಿ 15 ದಿನಗಳೊಳಗೆ ವಿಶ್ವವಿದ್ಯಾಲಯದ ಸ್ವತಂತ್ರ ದೂರು ವಿಚಾರಣಾಧಿಕಾರಿಯಾದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಸಲ್ಲಿಸಬಹುದು. ಇಷ್ಟೆಲ್ಲ ದಿನಗಳ ಲೆಕ್ಕ ಬರೆದಿಟ್ಟವರು ದಡ್ಡರಲ್ಲ. ಆದರೆ ಗಾಜಿನ ಕೆಳಗಿರುವ ಕಾಗದ ಯಾವ ದಿನ ಬಂತೆಂದು ಯಾರೂ ಬರೆದಿಡದಿದ್ದರೆ ಈ ಲೆಕ್ಕ ಶುರುವಾಗುವುದೇ ಇಲ್ಲ. ಲೈಂಗಿಕ ಕಿರುಕುಳದ ದೂರು ಕೊಡಲು ವಿದ್ಯಾರ್ಥಿನಿಗೆ ಇರುವ ಮೂರು ತಿಂಗಳ ಅವಧಿ ಮಾತ್ರ ಘಟನೆ ನಡೆದ ದಿನದಿಂದ ಓಡುತ್ತಲೇ ಇರುತ್ತದೆ. ಕಾರಣ ತೋರಿಸಿದರೆ ಸಮಿತಿ ಅದನ್ನು ಇನ್ನೂ ಮೂರು ತಿಂಗಳು ವಿಸ್ತರಿಸಬಹುದಾದರೂ, ಬಾಯಿಮಾತಿನಲ್ಲಿ ಆರು ತಿಂಗಳು ಕಳೆಸುವುದು ನಮ್ಮ ಕಚೇರಿಗಳಿಗೆ ಕಷ್ಟದ ಕೆಲಸವೇನಲ್ಲ.

ದೂರನ್ನು ಹೀಗೆ ಕಾಗದಕ್ಕೆ ಇಳಿಸದಿರುವುದರ ಹಿಂದೆ ಸಂಸ್ಥೆಯ ಮಾನದ ಚಿಂತೆ ಇರುತ್ತದೆ. ಕಾಲೇಜುಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಸಂಸ್ಥೆಯಾದ ನ್ಯಾಕ್‌ನ ತಂಡ ಬರುವ ವರ್ಷವಂತೂ ಇದು ಇನ್ನೂ ಹೆಚ್ಚು. ವಿದ್ಯಾರ್ಥಿಗಳ ಕುಂದುಕೊರತೆ, ರ್‍ಯಾಗಿಂಗ್, ಲೈಂಗಿಕ ಕಿರುಕುಳ ಇವುಗಳ ನಿವಾರಣೆಗೆ ಏನು ವ್ಯವಸ್ಥೆಯಿದೆ ಎಂದು ಆ ಮೌಲ್ಯಮಾಪನದಲ್ಲಿ ಕೇಳುತ್ತಾರೆ. ಸಮಿತಿಯ ಫಲಕ, ಸಭೆಯ ನಡಾವಳಿ, ಸದಸ್ಯರ ಫೋಟೊ ಎಲ್ಲ ಸಿದ್ಧವಾಗುತ್ತವೆ, ದೂರುಗಳ ಸಂಖ್ಯೆಯ ಕಾಲಮಿನಲ್ಲಿ ‘ಇಲ್ಲ’ ಎಂದು ಬರೆಯಲಾಗುತ್ತದೆ. ಎರಡು ಸಾವಿರ ಹುಡುಗ ಹುಡುಗಿಯರು ಓದುವ ಜಾಗದಲ್ಲಿ ವರ್ಷಗಟ್ಟಲೆ ಒಂದೂ ದೂರು ಬರಲಿಲ್ಲವೆಂದರೆ ಅನುಮಾನ ಪಡಬೇಕಾದವರು, ಅದನ್ನು ಶಿಸ್ತಿನ ಗುರುತೆಂದು ಅಭಿನಂದಿಸಿ ಹೋಗುತ್ತಾರೆ. ಪ್ರಾಚಾರ್ಯರ ಕೋಣೆಯ ಬಾಗಿಲ ಪಕ್ಕದಲ್ಲೇ ಗೋಡೆಗೆ ಹೊಡೆದ ದೂರು ಪೆಟ್ಟಿಗೆಯನ್ನು ನೋಡಿದವರಿಗೆ ಈ ಶೂನ್ಯದ ಗುಟ್ಟು ತಿಳಿದೀತು. ಒಳಗೆ ಹೋಗಿಬರುವವರೆಲ್ಲರ ಕಣ್ಣ ಮುಂದೆ, ಸಿಸಿಟಿವಿ ಕ್ಯಾಮೆರಾದ ನೇರ ಕೆಳಗೆ, ತುಕ್ಕು ಹಿಡಿದ ಬೀಗದ ಆ ಪೆಟ್ಟಿಗೆಯಲ್ಲಿ ಯಾವ ಹುಡುಗಿ ಚೀಟಿ ಹಾಕಿಯಾಳು? ಅದರ ಕೀಲಿಕೈ ಯಾರ ಬಳಿ ಇದೆಯೆಂದು ಸಿಪಾಯಿಯನ್ನು ಕೇಳಿದರೆ ಅವನು ಹಿಂದಿನ ಸಿಪಾಯಿಯ ಹೆಸರು ಹೇಳುತ್ತಾನೆ.

ನಮ್ಮ ಕಡೆಯ ವಿದ್ಯಾರ್ಥಿನಿಯರ ವಿಷಯದಲ್ಲಿ ಇನ್ನೊಂದು ತೊಡಕಿದೆ, ಅದನ್ನು ಬೆಂಗಳೂರಿನಲ್ಲಿ ಕುಳಿತು ಸುತ್ತೋಲೆ ಬರೆಯುವವರು ಅಷ್ಟಾಗಿ ಗಮನಿಸಿದಂತಿಲ್ಲ. 2003ರಲ್ಲಿ ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯ ಆರಂಭವಾಗಿ, ಈಗ ಅಕ್ಕಮಹಾದೇವಿಯ ಹೆಸರು ಹೊತ್ತು ತೊರವಿಯ ಆವರಣದಲ್ಲಿ ನಡೆಯುತ್ತಿದೆ. ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆ ಇಷ್ಟು ಅನುಕೂಲವಾದ ಮೇಲೂ, ಎಷ್ಟೋ ಹಳ್ಳಿಗಳಲ್ಲಿ ಮಗಳು ಓದಲು ಹೊರಟದ್ದು ಮನೆಯವರ ಅರೆಮನಸ್ಸಿನ ಒಪ್ಪಿಗೆಯ ಮೇಲೆಯೇ. ಬಸ್ಸಿನಲ್ಲೋ ಹಾಸ್ಟೆಲ್ಲಿನಲ್ಲೋ ಏನಾದರೂ ಆಯಿತೆಂಬ ಸುದ್ದಿ ಊರಿಗೆ ಮುಟ್ಟಿದರೆ, ಮರುದಿನವೇ ಅಣ್ಣನೋ ಕಾಕನೋ ಬಂದು ಟ್ರಂಕು ಎತ್ತಿಸಿಕೊಂಡು ಹೋಗುತ್ತಾರೆ. ತಪ್ಪು ಮಾಡಿದವನು ಪರೀಕ್ಷೆ ಬರೆಯುತ್ತಾನೆ, ದೂರು ಕೊಟ್ಟವಳ ಮದುವೆ ಗೊತ್ತಾಗುತ್ತದೆ. ಹೀಗಿರುವಾಗ ದೂರು ಬಂದ ಕೂಡಲೇ ‘ನಿಮ್ಮ ತಂದೆಯವರನ್ನು ಕರೆದುಕೊಂಡು ಬಾ’ ಎನ್ನುವುದು ಕಾಳಜಿಯ ಮಾತಿನಂತೆ ಕಂಡರೂ ಅವಳ ಪಾಲಿಗೆ ಬಾಯಿ ಮುಚ್ಚಿಕೋ ಎಂದಂತೆಯೇ ಸರಿ. ಪದವಿಗೆ ಬಂದ ವಿದ್ಯಾರ್ಥಿನಿಯರಲ್ಲಿ ಹೆಚ್ಚಿನವರಿಗೆ ಹದಿನೆಂಟು ತುಂಬಿರುತ್ತದೆ. ಅಂಥವಳ ದೂರನ್ನು ಅವಳ ಒಪ್ಪಿಗೆಯಿಲ್ಲದೆ ಮನೆಗೆ ತಿಳಿಸಬಾರದು. ದೂರುದಾರರ ಗುರುತನ್ನಾಗಲಿ ವಿಚಾರಣೆಯ ವಿವರವನ್ನಾಗಲಿ ಸಾರ್ವಜನಿಕರಿಗೂ ಮಾಧ್ಯಮಕ್ಕೂ ಬಿಟ್ಟುಕೊಡಬಾರದೆಂದು 2013ರ ಕಾಯ್ದೆಯ 16ನೇ ಕಲಮು ಸ್ಪಷ್ಟವಾಗಿ ಹೇಳಿದೆ. ಊರ ಹಿರಿಯರು ನಾಲ್ಕು ಜನ ಬಂದು ಪ್ರಾಚಾರ್ಯರ ಕೋಣೆಯಲ್ಲಿ ಕುಳಿತು ‘ಆಗಿದ್ದು ಆತು, ಹೊಂದಿಕೊಂಡು ಹೋಗ್ರಿ’ ಎಂದು ರಾಜಿ ಮಾಡಿಸುವುದಕ್ಕೂ ನಿಯಮದ ಬೆಂಬಲವಿಲ್ಲ. ಸಂಧಾನ ನಡೆಯಬೇಕಾದರೆ ನೊಂದವರೇ ಅದನ್ನು ಕೇಳಿರಬೇಕು ಮತ್ತು ಹಣ ಅದಕ್ಕೆ ಆಧಾರವಾಗಿರಬಾರದು.

ಸಂಶೋಧನಾ ವಿದ್ಯಾರ್ಥಿಗಳ ಸ್ಥಿತಿ ಬೇರೆಯೇ ಬಗೆಯದು. ಅವರು ಇಪ್ಪತ್ತೈದು ದಾಟಿದವರು, ಕೆಲವರು ಮಕ್ಕಳೊಂದಿಗರು, ಮನೆಯವರ ಭಯ ಕಡಿಮೆ. ಆದರೆ ಅವರ ನಾಲ್ಕೈದು ವರ್ಷಗಳ ದುಡಿಮೆ ಗೈಡ್ (ಸಂಶೋಧನಾ ಮಾರ್ಗದರ್ಶಕರು) ಹಾಕುವ ಒಂದು ಸಹಿಯ ಮೇಲೆ ನಿಂತಿರುತ್ತದೆ. ಪ್ರಗತಿ ವರದಿಗೆ ಅವರ ಸಹಿ, ಶಿಷ್ಯವೇತನದ ಬಿಲ್ಲಿಗೆ ಅವರ ಸಹಿ, ಪ್ರಬಂಧ ಸಲ್ಲಿಸಲು ಅವರ ಸಹಿ. ಗೈಡ್ ಮನೆಯ ಸಿಲಿಂಡರ್ ಹೊತ್ತುಕೊಟ್ಟು, ಅವರ ಮಕ್ಕಳ ಶಾಲೆಯ ಪ್ರಾಜೆಕ್ಟು ಮಾಡಿಕೊಟ್ಟು, ಅವರ ಹೆಸರಿನಲ್ಲಿ ಲೇಖನ ಬರೆದುಕೊಟ್ಟು ಸುಮ್ಮನಿರುವವರು ಇದ್ದಾರೆಂಬುದು ಯಾವ ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲೂ ಗುಟ್ಟಲ್ಲ. ಇಂಥವರು ದೂರು ಕೊಡದಿರುವುದಕ್ಕೆ ಹೇಡಿತನ ಕಾರಣವೆಂದು ನಾನು ಒಪ್ಪಲಾರೆ. ಲೈಂಗಿಕ ಕಿರುಕುಳದ ದೂರಿನ ಸಂದರ್ಭಕ್ಕಾದರೂ 2015ರ ನಿಯಮಾವಳಿಯಲ್ಲಿ ಒಂದು ಉಪಾಯವಿದೆ. ವಿಚಾರಣೆ ಮುಗಿಯುವ ತನಕ ಆರೋಪ ಹೊತ್ತ ಅಧ್ಯಾಪಕರು ದೂರುದಾರರ ಕೆಲಸವನ್ನಾಗಲಿ ಪರೀಕ್ಷೆಯನ್ನಾಗಲಿ ಮೌಲ್ಯಮಾಪನ ಮಾಡದಂತೆ ತಡೆಯಲು ಸಮಿತಿ ಶಿಫಾರಸು ಮಾಡಬಹುದು. ಈ ಸೌಲಭ್ಯವನ್ನು ಬೇರೆ ಬಗೆಯ ದೂರುಗಳಿಗೂ ವಿಸ್ತರಿಸಿ, ದೂರು ದಾಖಲಾದ ದಿನವೇ ತಾತ್ಕಾಲಿಕವಾಗಿ ಬೇರೊಬ್ಬ ಮಾರ್ಗದರ್ಶಕರನ್ನು ಕೊಡುವಂತೆ ನಮ್ಮ ವಿಶ್ವವಿದ್ಯಾಲಯಗಳ ಸಿಂಡಿಕೇಟುಗಳು (ಆಡಳಿತ ಮಂಡಳಿಗಳು) ಒಂದು ನಿರ್ಣಯ ಮಾಡಿದರೆ ದೊಡ್ಡ ಖರ್ಚೇನೂ ಬರುವುದಿಲ್ಲ.

ಕೃತಿಚೌರ್ಯದ ಬಗ್ಗೆ ಹೆಚ್ಚು ಬರೆಯಬೇಕಿಲ್ಲ, ಅಲ್ಲಿ ನಿಯಮ ಅಳತೆಗೋಲಿನಷ್ಟು ನಿಖರವಾಗಿದೆ. ಯುಜಿಸಿಯ 2018ರ ನಿಯಮಾವಳಿಯಂತೆ ಪ್ರಬಂಧದಲ್ಲಿ ಬೇರೆಯವರ ಬರಹದೊಂದಿಗಿನ ಸಾಮ್ಯತೆ ಶೇ 10ರವರೆಗಿದ್ದರೆ ದಂಡನೆಯಿಲ್ಲ, ಶೇ 40ರವರೆಗೆ ತಿದ್ದಿ ಮರುಸಲ್ಲಿಸಬೇಕು, ಶೇ 60ರವರೆಗೆ ಒಂದು ವರ್ಷ ಸಲ್ಲಿಸುವಂತಿಲ್ಲ, ಅದಕ್ಕೂ ಮೇಲಾದರೆ ನೋಂದಣಿಯೇ ರದ್ದು. ಯಂತ್ರ ಹಿಡಿಯಬಲ್ಲ ತಪ್ಪಿಗೆ ನಾವು ಇಷ್ಟು ಚೊಕ್ಕಟವಾಗಿ ಲೆಕ್ಕ ಇಟ್ಟಿದ್ದೇವೆ, ಮನುಷ್ಯರೇ ಬಂದು ಹೇಳಬೇಕಾದ ತಪ್ಪಿಗೆ ಒಂದು ರಸೀದಿ ಕೊಡಲೂ ಹಿಂಜರಿಯುತ್ತೇವೆ.

ತಪ್ಪನ್ನು ಕಣ್ಣಾರೆ ಕಂಡವರು ಬಂದು ಹೇಳುವ ವಿಷಯಕ್ಕೆ ಬರುತ್ತೇನೆ. ಹಾಸ್ಟೆಲ್ಲಿನಲ್ಲಿ ರಾತ್ರಿ ಏನು ನಡೆಯುತ್ತದೆಂಬುದು ವಾರ್ಡನ್‌ಗಿಂತ ಮೊದಲು ಕಾವಲುಗಾರನಿಗೆ ಗೊತ್ತಿರುತ್ತದೆ, ಯಾವ ಹೊಸ ಹುಡುಗ ಊಟ ಬಿಟ್ಟಿದ್ದಾನೆಂಬುದು ಮೆಸ್ಸಿನ ಅಡುಗೆಯವ್ವನಿಗೆ ಗೊತ್ತಿರುತ್ತದೆ. 2009ರ ನಿಯಮಾವಳಿ ರೂಪಿಸಿದವರು ಇದನ್ನು ಅರಿತೇ, ಕ್ಯಾಂಟೀನು, ಕಾವಲು ಮತ್ತು ಸ್ವಚ್ಛತೆಯ ಗುತ್ತಿಗೆ ನೌಕರರೂ ಸೇರಿದಂತೆ ಪ್ರತಿ ಸಿಬ್ಬಂದಿಯಿಂದ, ಕಣ್ಣಿಗೆ ಬಿದ್ದ ರ್‍ಯಾಗಿಂಗ್ ಪ್ರಕರಣವನ್ನು ಕೂಡಲೇ ತಿಳಿಸುತ್ತೇವೆಂದು ಬರೆಸಿಕೊಳ್ಳಬೇಕೆಂದಿದ್ದಾರೆ. ತಿಳಿಸಿದವರಿಗೆ ಪ್ರಶಂಸಾಪತ್ರ ಕೊಡಲು ಸೇವಾ ನಿಯಮದಲ್ಲಿ ಅವಕಾಶ ಮಾಡಬೇಕೆಂದೂ, ಮಾಹಿತಿ ಕೊಟ್ಟ ವಿದ್ಯಾರ್ಥಿಗಳ ಗುರುತನ್ನು ಕಾಪಾಡಬೇಕೆಂದೂ ಅದರಲ್ಲಿದೆ. ಆದರೆ ಗುತ್ತಿಗೆದಾರನ ಕೈಕೆಳಗೆ ದುಡಿಯುವ ಕಾವಲುಗಾರ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಕೊಟ್ಟರೆ ತೆಗೆದುಕೊಳ್ಳುವವರು ಯಾರು? ಅವನು ಬರೆಯಲಾರ ಎಂದಾದರೆ ಬರೆದುಕೊಳ್ಳುವವರು ಯಾರು? ದಿನದ 24 ಗಂಟೆಯೂ ಇರುವ ರಾಷ್ಟ್ರೀಯ ಸಹಾಯವಾಣಿ 1800-180-5522 ಎಂಬುದನ್ನು ಪ್ರವೇಶದ್ವಾರದ ಫಲಕದಲ್ಲಿ ಬರೆಸಿದರೆ ಸಾಲದು, ಮೆಸ್ಸಿನ ಗೋಡೆಯ ಮೇಲೂ ಬರೆಸಬೇಕು.

ಹೆಸರಿಲ್ಲದೆ ಬರುವ ದೂರಿಗೆ ನಮ್ಮ ಕಚೇರಿಗಳಲ್ಲಿ ಮೂಗರ್ಜಿ ಎನ್ನುತ್ತಾರೆ, ಹರಿದು ಬುಟ್ಟಿಗೆ ಹಾಕುವುದು ರೂಢಿ. ಮೂಗರ್ಜಿಯೊಂದನ್ನೇ ನಂಬಿ ಯಾರನ್ನೂ ಶಿಕ್ಷಿಸಬಾರದೆಂಬುದು ನನ್ನ ಅಭಿಪ್ರಾಯವೂ ಹೌದು, ದ್ವೇಷಕ್ಕೆ ಬರೆಯುವವರ ಅಕ್ಷರಗಳನ್ನೂ ಸಾಕಷ್ಟು ನೋಡಿದ್ದೇನೆ. ಆದರೂ ಒಂದೇ ಹಾಸ್ಟೆಲ್ಲಿನ ಒಂದೇ ಮಹಡಿಯ ಬಗ್ಗೆ ಬೇರೆಬೇರೆ ಅಕ್ಷರಗಳಲ್ಲಿ ಮತ್ತೆ ಮತ್ತೆ ಕಾಗದ ಬಂದರೆ, ಹೆಸರಿಲ್ಲವೆಂದು ಅದನ್ನು ಹರಿಯುವುದಕ್ಕಿಂತ ವಾರ್ಡನ್ ಜೊತೆ ಒಬ್ಬರು ಹಿರಿಯ ಅಧ್ಯಾಪಕರು ಆ ರಾತ್ರಿ ಅಲ್ಲಿಗೆ ಹೋಗಿ ನೋಡಿಬರುವುದು ಲೇಸು. ಹಾಗೆ ನೋಡಿಬರಲಿಕ್ಕೆ ಯಾರ ಸಹಿಯೂ ಬೇಕಾಗುವುದಿಲ್ಲ.

ದೂರಿಗೆ ಇಷ್ಟು ಮಹತ್ವ ಕೊಟ್ಟರೆ ನಿರಪರಾಧಿ ಅಧ್ಯಾಪಕರ ಗತಿಯೇನು ಎಂದು ಕೇಳುವವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಮ್ಮ ಬೆಳಗಾವಿಯ ಪಕ್ಕದ ಗೋವಾ ವಿಶ್ವವಿದ್ಯಾಲಯದ ಪ್ರಕರಣವನ್ನು ಅವರೂ ನಾವೂ ಓದಬೇಕು. ವಿಭಾಗ ಮುಖ್ಯಸ್ಥರೊಬ್ಬರ ಮೇಲೆ 2009ರಲ್ಲಿ ವಿದ್ಯಾರ್ಥಿನಿಯರು ಲೈಂಗಿಕ ಕಿರುಕುಳದ ದೂರು ಕೊಟ್ಟರು. ಸಮಿತಿ ಆತುರಾತುರವಾಗಿ ಸಭೆಗಳನ್ನು ನಡೆಸಿ ವರದಿ ಕೊಟ್ಟಿತು, ಅವರು ಕೆಲಸ ಕಳೆದುಕೊಂಡರು. ಆರೋಪಿಗೆ ಉತ್ತರಿಸಲು ತಕ್ಕ ಅವಕಾಶ ಸಿಗಲಿಲ್ಲವೆಂಬ ಕಾರಣಕ್ಕೆ ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಆ ಆದೇಶವನ್ನು ರದ್ದುಪಡಿಸಿ, 2009ರ ಮೇ ತಿಂಗಳಲ್ಲಿ ವಿಚಾರಣೆ ಎಲ್ಲಿತ್ತೋ ಅಲ್ಲಿಂದ ಮತ್ತೆ ನಡೆಸಿ ಎಂದಿತು. ಹದಿನಾಲ್ಕು ವರ್ಷಗಳ ಮೇಲೆ ಎರಡೂ ಕಡೆಯವರು ಹಳೆಯ ಜಾಗದಲ್ಲೇ ನಿಂತರು, ಆ ವಿದ್ಯಾರ್ಥಿನಿಯರು ಅಷ್ಟರಲ್ಲಿ ಎಲ್ಲಿದ್ದರೋ. ಆರೋಪದ ಪ್ರತಿ ಯಾವ ದಿನ ಕೊಟ್ಟರು, ಉತ್ತರಕ್ಕೆ ಎಷ್ಟು ದಿನ ಕೊಟ್ಟರು, ಸಾಕ್ಷಿಯನ್ನು ಪ್ರಶ್ನಿಸಲು ಬಿಟ್ಟರೇ ಎಂಬುದೆಲ್ಲ ಹಾಳೆಯ ಮೇಲೆ ದಿನಾಂಕ ಸಮೇತ ಇದ್ದರೆ ಆರೋಪಿಗೂ ಅದು ರಕ್ಷಣೆಯೇ. ದೂರನ್ನು ಸಾಬೀತುಪಡಿಸಲು ಆಗಲಿಲ್ಲ ಎಂದ ಮಾತ್ರಕ್ಕೆ ಅದು ಸುಳ್ಳು ದೂರಾಗುವುದಿಲ್ಲವೆಂದು ಕಾಯ್ದೆ ಹೇಳಿರುವುದನ್ನೂ ಇಲ್ಲಿ ನೆನಪಿಡಬೇಕು. ಅದೇ ತೀರ್ಪಿನಲ್ಲಿ ನ್ಯಾಯಾಲಯವು ಸಮಿತಿಗಳ ವಿವರ, ಸದಸ್ಯರ ದೂರವಾಣಿ ಮತ್ತು ಇಮೇಲ್ ವಿಳಾಸಗಳು ಸಂಸ್ಥೆಗಳ ಜಾಲತಾಣದಲ್ಲಿ ಸಿಗುವಂತಿರಬೇಕೆಂದೂ ನಿರ್ದೇಶಿಸಿದೆ.

ಸಮಿತಿಯಲ್ಲಿ ಕೂರುವವರ ಬಗ್ಗೆಯೂ ಒಂದು ಮಾತು ಹೇಳಬೇಕು. ಕುಲಪತಿ, ಕುಲಸಚಿವರು, ಡೀನ್, ವಿಭಾಗ ಮುಖ್ಯಸ್ಥರು ಆಂತರಿಕ ದೂರು ಸಮಿತಿಯ ಸದಸ್ಯರಾಗುವಂತಿಲ್ಲ, ವಿದ್ಯಾರ್ಥಿಗಳಿಗೆ ಸಂಬಂಧಿಸಿದ ಪ್ರಕರಣವಾದರೆ ಮೂವರು ವಿದ್ಯಾರ್ಥಿ ಪ್ರತಿನಿಧಿಗಳಿರಬೇಕು ಎಂದು ನಿಯಮವಿದೆ. ಆದರೆ ನಮ್ಮ ತಾಲ್ಲೂಕು ಕೇಂದ್ರಗಳ ಕಾಲೇಜುಗಳಲ್ಲಿ ಪಾಠದ ಭಾರ ಹೊತ್ತವರು ಅತಿಥಿ ಉಪನ್ಯಾಸಕರು. ಕಾಯಂ ಮಹಿಳಾ ಅಧ್ಯಾಪಕಿ ಒಬ್ಬರಿದ್ದರೆ ಹೆಚ್ಚು, ಅವರೇ ಎನ್‌ಎಸ್‌ಎಸ್, ಅವರೇ ಪರೀಕ್ಷಾ ವಿಭಾಗ, ಅವರೇ ಸಮಿತಿಯ ಅಧ್ಯಕ್ಷೆ. ಪ್ರತಿ ವರ್ಷ ಮರುನೇಮಕಕ್ಕೆ ಕಾಯುವ ಅತಿಥಿ ಉಪನ್ಯಾಸಕಿಯಿಂದ ಪ್ರಾಚಾರ್ಯರಿಗೆ ಬೇಡವಾದ ವರದಿಗೆ ಸಹಿ ಹಾಕುವ ಧೈರ್ಯ ನಿರೀಕ್ಷಿಸುವುದು ನ್ಯಾಯವಲ್ಲ. ಇಂಥ ಕಡೆ ಸುತ್ತಲಿನ ನಾಲ್ಕೈದು ಕಾಲೇಜುಗಳ ಅಧ್ಯಾಪಕಿಯರನ್ನು ಒಬ್ಬರ ಕಾಲೇಜಿನ ಸಮಿತಿಗೆ ಇನ್ನೊಬ್ಬರನ್ನು ಅಧ್ಯಕ್ಷರನ್ನಾಗಿ ನೇಮಿಸಲು ಅವಕಾಶವಿದ್ದರೂ ಅದನ್ನು ಬಳಸಿದವರು ಕಡಿಮೆ. ವಿಜಯಪುರ ಜಿಲ್ಲೆಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ ಕಾಲೇಜಿನ ವಿದ್ಯಾರ್ಥಿಗೆ ಮೇಲ್ಮನವಿಯ ದಾರಿ ಬೆಳಗಾವಿಯತ್ತ ಹೋಗುತ್ತದೆ, ಅದು ಸುಮಾರು 200 ಕಿಲೋಮೀಟರ್ ದೂರ. ಓಂಬುಡ್ಸ್‌ಪರ್ಸನ್ ವರ್ಷಕ್ಕೆ ಕೆಲವು ಸಲವಾದರೂ ಜಿಲ್ಲಾ ಕೇಂದ್ರಗಳಲ್ಲಿ ಕುಳಿತು ಅಹವಾಲು ಕೇಳುವ ವ್ಯವಸ್ಥೆಯಾಗಬೇಕು.

ಉಳಿದ ಬೇಡಿಕೆ ಚಿಕ್ಕದು. ಪ್ರತಿ ಕಾಲೇಜು ಒಂದು ಪ್ರತ್ಯೇಕ ಗೋಪ್ಯ ಆವಕ ವಹಿ ಇಡಲಿ. ಅದರಲ್ಲಿ ಹೆಸರು ಬೇಡ, ವಿಷಯವೂ ಬೇಡ. ಸಂಖ್ಯೆ, ದಿನಾಂಕ, ಯಾವ ಸಮಿತಿಗೆ ಹೋಯಿತು, ಯಾವ ದಿನ ಮುಗಿಯಿತು ಎಂಬ ನಾಲ್ಕು ಕಾಲಮು ಸಾಕು. ದೂರು ಮೊಹರಾದ ಲಕೋಟೆಯಲ್ಲೇ ಸಮಿತಿಯ ಅಧ್ಯಕ್ಷೆಯ ಕೈ ಸೇರಲಿ, ಕೊಟ್ಟವರ ಕೈಗೆ ಸಂಖ್ಯೆ ಬರೆದ, ಶಿಕ್ಕಾ ಹೊಡೆದ ಸ್ವೀಕೃತಿ ಸಿಗಲಿ. ಕಚೇರಿಯವರು ನೋಡಿದರೆ ಗುಟ್ಟು ಬಯಲಾಗುತ್ತದೆ ಎನ್ನುವವರಿಗೆ ನನ್ನ ಉತ್ತರವಿಷ್ಟೇ: ಅದೇ ಕಚೇರಿಯವರು ಪ್ರತಿ ಸೆಮಿಸ್ಟರಿನಲ್ಲೂ ಪ್ರಶ್ನೆಪತ್ರಿಕೆಗಳ ಮೊಹರಾದ ಬಂಡಲುಗಳನ್ನು ಎಣಿಸಿ, ಸಹಿ ಮಾಡಿ, ಒಡೆಯದೆ ಕಪಾಟಿನಲ್ಲಿಟ್ಟು ಕೀಲಿ ಹಾಕುತ್ತಾರೆ.

ಕೊನೆಯದಾಗಿ ನಿಮ್ಮಲ್ಲೇ ಒಂದು ವಿನಂತಿ. ರ್‍ಯಾಗಿಂಗ್ ತಡೆ ಸಮಿತಿಯಲ್ಲಿ ಪೊಲೀಸ್ ಮತ್ತು ನಾಗರಿಕ ಆಡಳಿತದವರು, ಪಾಲಕರು, ಹೊಸ ಮತ್ತು ಹಿರಿಯ ವಿದ್ಯಾರ್ಥಿಗಳು, ಬೋಧಕೇತರ ಸಿಬ್ಬಂದಿಯ ಜೊತೆಗೆ ಸ್ಥಳೀಯ ಮಾಧ್ಯಮದ ಪ್ರತಿನಿಧಿಯೂ ಇರಬೇಕೆಂದು ನಿಯಮವಿದೆ. ಎಷ್ಟೋ ಕಾಲೇಜುಗಳ ಪಟ್ಟಿಯಲ್ಲಿ ವರದಿಗಾರರ ಹೆಸರಿರುತ್ತದೆ, ಅದು ಆ ವರದಿಗಾರರಿಗೇ ಗೊತ್ತಿರುವುದಿಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿರುವ ನಿಮ್ಮ ವರದಿಗಾರರು ಈ ಪ್ರವೇಶದ ಹಂಗಾಮಿನಲ್ಲಿ ತಮ್ಮ ಹೆಸರು ಯಾವ ಯಾವ ಕಾಲೇಜಿನ ಸಮಿತಿಯಲ್ಲಿದೆಯೆಂದು ವಿಚಾರಿಸಿ, ಸಭೆಗೆ ಹೋಗಿ, ಕಳೆದ ವರ್ಷ ಬಂದ ದೂರುಗಳ ಸಂಖ್ಯೆಯನ್ನೂ ಅವು ಇತ್ಯರ್ಥವಾದ ದಿನಾಂಕಗಳನ್ನೂ ಕೇಳಲಿ. ದೂರು ಕೊಟ್ಟವರ ಹೆಸರಾಗಲಿ, ಊರಾಗಲಿ, ತರಗತಿಯಾಗಲಿ ಪತ್ರಿಕೆಗೆ ಬೇಕಿಲ್ಲ. ಆ ಸಂಖ್ಯೆ ಮತ್ತು ದಿನಾಂಕಗಳನ್ನು ಮಾತ್ರ ಕಾಲೇಜುವಾರು ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕಚೇರಿ ಅಧೀಕ್ಷಕ
ವಿಜಯಪುರ